ಮೀನಿನಲ್ಲಿ ಪಾದರಸ: ರೈತ ಕುಟುಂಬ ತಿಳಿದಿರಬೇಕಾದ ವಿಷಯ

ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳಲ್ಲಿ 1953 ರಲ್ಲಿ ನೀರು ಹರಿಯತೊಡಗಿದ ಮೇಲೆ ಕೊಪ್ಪಳ ಮತ್ತು ಗಂಗಾವತಿ ಭಾಗದಲ್ಲಿ ಭತ್ತದ ಜೊತೆಗೆ ಮೀನೂ ದಿನನಿತ್ಯದ ಆಹಾರವಾಗಿ ಬಂತು. ಮುನಿರಾಬಾದಿನ ಹಿನ್ನೀರಿನಲ್ಲಿ, ಹಿರೇಹಳ್ಳ ಜಲಾಶಯದಲ್ಲಿ, ಕುಷ್ಟಗಿ ಮತ್ತು ಯಲಬುರ್ಗಾ ಕಡೆಯ ಕೆರೆಗಳಲ್ಲಿ ಮಳೆ ಚೆನ್ನಾಗಿ ಆದ ವರ್ಷ ಮೀನು ಹಿಡಿಯುವುದುಂಟು. ಇದಲ್ಲದೆ ಅಂಕೋಲಾದಿಂದ ಹುಬ್ಬಳ್ಳಿ, ಗದಗ ಹಾದು ಬರುವ ರಸ್ತೆಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಸಮುದ್ರದ ಮೀನೂ, ಸಂತೆಗಳಿಗೆ ಒಣಮೀನೂ ಬರುತ್ತವೆ.

ಮೀನಿನಲ್ಲಿ ಪಾದರಸ ಇರುತ್ತದೆ ಎಂಬ ಮಾತು ಈಗ ಹಳ್ಳಿಗಳಿಗೂ ತಲುಪಿದೆ. "ಮೀನದಾಗ ಪಾದರಸ ಇರ್ತೈತಂತ, ಬಸುರಿ ಸೊಸಿಗೆ ಕೊಡಬೇಕೊ ಬ್ಯಾಡೊ?" ಎಂದು ಮನೆಯ ಹಿರಿಯಳೊಬ್ಬಳು ಕೇಳಿದರೆ ಅದಕ್ಕೆ ಸರಿಯಾದ ಉತ್ತರ ಕೊಡಬೇಕಾಗುತ್ತದೆ. ಹೆದರಿ ಮೀನನ್ನೇ ಬಿಟ್ಟರೆ ಒಳ್ಳೆಯ ಪೌಷ್ಟಿಕ ಆಹಾರ ಕೈತಪ್ಪುತ್ತದೆ; ಲಕ್ಷ್ಯವಿಲ್ಲದೆ ಯಾವ ಮೀನನ್ನಾದರೂ ತಿಂದರೆ ಹೊಟ್ಟೆಯಲ್ಲಿರುವ ಮಗುವಿಗೆ ಕೇಡಾಗಬಹುದು. ಈ ಎರಡರ ನಡುವಿನ ಸರಿದಾರಿಯನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಪಾದರಸದ ಮೂರು ರೂಪಗಳು

ಪಾದರಸವು ಸಾಮಾನ್ಯ ಉಷ್ಣತೆಯಲ್ಲಿ ದ್ರವವಾಗಿರುವ ಲೋಹ. ಜ್ವರ ನೋಡುವ ಹಳೆಯ ಗಾಜಿನ ಥರ್ಮಾಮೀಟರಿನಲ್ಲಿ ಬೆಳ್ಳಿಯಂತೆ ಹೊಳೆಯುವ ಗೆರೆಯೇ ಅದು. ಈ ಲೋಹರೂಪದ ಪಾದರಸ ನುಂಗಿದರೆ ಕರುಳಿನಲ್ಲಿ ಬಹಳ ಕಡಿಮೆ ಹೀರಲ್ಪಡುತ್ತದೆ. ಆದರೆ ಅದರ ಆವಿಯನ್ನು ಉಸಿರಾಡಿದರೆ ಹೆಚ್ಚಿನ ಪಾಲು ರಕ್ತಕ್ಕೆ ಸೇರುತ್ತದೆ. ಎರಡನೆಯದು ಲವಣರೂಪ. ಮೂರನೆಯದು ಇಂಗಾಲದೊಡನೆ ಕೂಡಿದ ಸಾವಯವ ರೂಪ. ಇವುಗಳಲ್ಲಿ ಮೀಥೈಲ್ ಪಾದರಸ ಎಂಬುದು ಅತ್ಯಂತ ಅಪಾಯಕಾರಿ. ಆಹಾರದಲ್ಲಿ ಬಂದ ಮೀಥೈಲ್ ಪಾದರಸದ ನೂರಕ್ಕೆ ಸುಮಾರು 95 ಭಾಗ ದೇಹಕ್ಕೆ ಹೀರಲ್ಪಡುತ್ತದೆ. ಮೀನಿನ ಮಾಂಸದಲ್ಲಿರುವ ಪಾದರಸದ ಬಹುಭಾಗ ಈ ರೂಪದಲ್ಲಿಯೇ ಇರುತ್ತದೆ.

ಮೀನಿನ ಮೈಗೆ ಸೇರುವ ಬಗೆ

ಪಾದರಸವು ಭೂಮಿಯಲ್ಲಿ ಸಹಜವಾಗಿಯೇ ಅಲ್ಪ ಪ್ರಮಾಣದಲ್ಲಿದೆ. ಮನುಷ್ಯನ ಕೆಲಸಗಳಿಂದ ಅದು ಗಾಳಿಗೆ ಹೆಚ್ಚಾಗಿ ಸೇರುತ್ತಿದೆ. ಜಗತ್ತಿನಲ್ಲಿ ಇದಕ್ಕೆ ಮೊದಲ ಕಾರಣ ಪಾದರಸ ಬಳಸಿ ಚಿನ್ನ ತೆಗೆಯುವ ಸಣ್ಣ ಪ್ರಮಾಣದ ಗಣಿಗಾರಿಕೆ. ಎರಡನೆಯದು ಕಲ್ಲಿದ್ದಲು ಸುಡುವುದು. ಹೊಗೆಯೊಂದಿಗೆ ಮೇಲೇರಿದ ಪಾದರಸ ಮಳೆಯೊಂದಿಗೆ ನೆಲಕ್ಕಿಳಿದು, ನೀರಿನೊಂದಿಗೆ ಹಳ್ಳ, ಕೆರೆ, ನದಿ, ಸಮುದ್ರಗಳನ್ನು ಸೇರುತ್ತದೆ.

ನೀರಿನ ತಳದ ಕೆಸರಿನಲ್ಲಿ ಗಾಳಿಯಾಡುವುದಿಲ್ಲ. ಅಲ್ಲಿ ಬದುಕುವ ಕೆಲವು ಸೂಕ್ಷ್ಮಾಣುಗಳು ಈ ಪಾದರಸವನ್ನು ಮೀಥೈಲ್ ಪಾದರಸವನ್ನಾಗಿ ಮಾರ್ಪಡಿಸುತ್ತವೆ. ಇದನ್ನು ಕಣ್ಣಿಗೆ ಕಾಣದ ಪಾಚಿ ಹೀರಿಕೊಳ್ಳುತ್ತದೆ. ಪಾಚಿಯನ್ನು ಸಣ್ಣ ಜಲಜಂತುಗಳು, ಅವನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತವೆ. ತಿಂದ ಪಾದರಸ ಬೇಗ ಹೊರಗೆ ಹೋಗದೆ ಮಾಂಸದಲ್ಲಿಯೇ ಉಳಿಯುತ್ತದೆ. ಆದ್ದರಿಂದ ಆಹಾರ ಸರಪಳಿಯ ಒಂದೊಂದು ಮೆಟ್ಟಿಲೇರಿದಂತೆ ಅದರ ಸಾಂದ್ರತೆ ಹಲವು ಪಟ್ಟು ಏರುತ್ತದೆ. ಕೊನೆಯ ಮೆಟ್ಟಿಲಿನ ಬೇಟೆಗಾರ ಮೀನಿನ ಮೈಯಲ್ಲಿ ಅದು ಸುತ್ತಲಿನ ನೀರಿನಲ್ಲಿರುವುದಕ್ಕಿಂತ ಲಕ್ಷಾಂತರ ಪಟ್ಟು ಹೆಚ್ಚಾಗಿರಬಲ್ಲದು. ನೀರು ತಿಳಿಯಾಗಿದೆ, ಕುಡಿಯಲು ಯೋಗ್ಯವಾಗಿದೆ ಎಂದ ಮಾತ್ರಕ್ಕೆ ಅದರೊಳಗಿನ ದೊಡ್ಡ ಮೀನೂ ನಿರಪಾಯ ಎಂದು ಹೇಳಲಾಗದು.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಈ ಪಾದರಸವು ಮಾಂಸದ ಸಸಾರಜನಕಕ್ಕೆ ಅಂಟಿಕೊಂಡಿರುತ್ತದೆ. ತೊಳೆದರೆ, ಉಪ್ಪು ಹುಣಸೆ ಹಚ್ಚಿಟ್ಟರೆ, ಕುದಿಸಿದರೆ, ಹುರಿದರೆ ಅಥವಾ ಚರ್ಮ ತೆಗೆದರೆ ಅದು ಹೋಗುವುದಿಲ್ಲ. ಬಣ್ಣ, ವಾಸನೆ, ರುಚಿಗಳಿಂದಲೂ ಗೊತ್ತಾಗುವುದಿಲ್ಲ. ಕುಷ್ಟಗಿ, ಯಲಬುರ್ಗಾ ಭಾಗದ ಜನರಿಗೆ ಇದು ಹೊಸ ಮಾತಲ್ಲ. ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್ ಕೂಡ ಕಣ್ಣಿಗೆ ಕಾಣದೆ, ಕಾಯಿಸಿದರೂ ಹೋಗದೆ, ವರ್ಷಗಟ್ಟಲೆ ಕುಡಿದ ಮೇಲೆ ಹಲ್ಲು ಮತ್ತು ಮೂಳೆಗಳಲ್ಲಿ ತನ್ನ ಗುರುತು ತೋರಿಸುತ್ತದೆ. ಫ್ಲೋರೈಡ್ ಮೂಳೆಯನ್ನು ಹಿಡಿದರೆ ಮೀಥೈಲ್ ಪಾದರಸ ಮಿದುಳು ಮತ್ತು ನರಗಳನ್ನು ಹಿಡಿಯುತ್ತದೆ.

ಮಿನಮಾಟಾ ಕಲಿಸಿದ ಪಾಠ

ಜಪಾನಿನ ಕ್ಯೂಶೂ ದ್ವೀಪದಲ್ಲಿ ಮಿನಮಾಟಾ ಎಂಬ ಮೀನುಗಾರರ ಊರಿದೆ. ಅಲ್ಲಿಯ ಚಿಸ್ಸೊ ಕಂಪನಿಯ ರಾಸಾಯನಿಕ ಕಾರ್ಖಾನೆಯು 1932 ರಿಂದ 1968 ರವರೆಗೆ ಪಾದರಸವಿದ್ದ ಹೊಲಸು ನೀರನ್ನು ಕೊಲ್ಲಿಗೆ ಬಿಟ್ಟಿತು. ಮೊದಲು ಮೀನು ತಿಂದ ಬೆಕ್ಕುಗಳು ಹುಚ್ಚೆದ್ದಂತೆ ಕುಣಿದು ಸತ್ತವು. ಅನಂತರ ಜನರಿಗೆ ಕೈಕಾಲು ಮರಗಟ್ಟುವುದು, ನಡಿಗೆ ತಪ್ಪುವುದು, ಮಾತು ತೊದಲುವುದು, ದೃಷ್ಟಿ ಕುಗ್ಗುವುದು ಶುರುವಾಯಿತು. 1956 ರ ಮೇ 1 ರಂದು ಈ ರೋಗ ಅಧಿಕೃತವಾಗಿ ದಾಖಲಾಯಿತು. ಮೀಥೈಲ್ ಪಾದರಸವೇ ಕಾರಣವೆಂದು ಅಲ್ಲಿನ ಸರಕಾರ ಒಪ್ಪಿಕೊಂಡದ್ದು 1968 ರಲ್ಲಿ. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ರೋಗಿಗಳೆಂದು ಸರಕಾರ ಗುರುತಿಸಿದೆ.

ಈ ದುರಂತದ ಅತ್ಯಂತ ನೋವಿನ ಭಾಗ ಕೂಸುಗಳದ್ದು. ತಾಯಿಗೆ ರೋಗದ ಲಕ್ಷಣ ಅಲ್ಪವಾಗಿದ್ದರೂ, ಕೆಲವೊಮ್ಮೆ ಏನೂ ಇಲ್ಲದಿದ್ದರೂ, ಹುಟ್ಟಿದ ಮಗು ಕುತ್ತಿಗೆ ನಿಲ್ಲದೆ, ಕೈಕಾಲು ಸೊಟ್ಟಾಗಿ, ಬುದ್ಧಿ ಬೆಳೆಯದೆ ಉಳಿಯಿತು. ವಿಷವು ತಾಯಿಯಿಂದ ಮಗುವಿಗೆ ಗರ್ಭದಲ್ಲಿಯೇ ದಾಟಿತ್ತು. ಇದನ್ನು 1962 ರಲ್ಲಿ ಅಧಿಕೃತವಾಗಿ ಒಪ್ಪಲಾಯಿತು.

ಇದು ಸಮುದ್ರಕ್ಕೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬಾರದು. 1965 ರಲ್ಲಿ ಅದೇ ಜಪಾನಿನ ನಿಗಾಟಾ ಪ್ರಾಂತದ ಅಗಾನೊ ನದಿಯ ದಂಡೆಯಲ್ಲಿ ಇದೇ ರೋಗ ಕಾಣಿಸಿತು. ಅಲ್ಲಿಯ ಜನ ತಿಂದದ್ದು ನದಿಯ ಮೀನು. ನದಿ, ಜಲಾಶಯಗಳ ಮೀನು ತಿನ್ನುವ ನಮಗೆ ಈ ಎರಡನೆಯ ಪಾಠ ಹೆಚ್ಚು ಹತ್ತಿರದ್ದು.

ನಮ್ಮ ರಾಜ್ಯದ ಕರಾವಳಿಯಲ್ಲಿ ಕಾರವಾರದ ಬಳಿಯ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆಯಿದೆ. ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡಾ ತಯಾರಿಸುವ ಹಳೆಯ ವಿಧಾನದಲ್ಲಿ ಪಾದರಸವನ್ನು ಬಳಸಲಾಗುತ್ತಿತ್ತು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಾರವಾರದ ಕಾರ್ಖಾನೆಯ ಸಮೀಪದಲ್ಲಿ ಪಾದರಸವನ್ನು ಅಳೆದು 1990 ರಲ್ಲಿಯೇ ಸಂಶೋಧನಾ ಲೇಖನ ಪ್ರಕಟಿಸಿದ್ದರು. ಭಾರತದ ಕಾಸ್ಟಿಕ್ ಸೋಡಾ ಉದ್ಯಮ ಈಗ ಬಹುಮಟ್ಟಿಗೆ ಪಾದರಸವಿಲ್ಲದ ಪೊರೆ ವಿಧಾನಕ್ಕೆ ಬದಲಾಗಿದೆ. ಪಾದರಸದ ಬಳಕೆಯನ್ನು ಕಡಿಮೆ ಮಾಡಲು ರೂಪಿಸಿದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಮಿನಮಾಟಾದ ಹೆಸರನ್ನೇ ಇಡಲಾಗಿದೆ. ಭಾರತ ಅದನ್ನು 2018 ರಲ್ಲಿ ಅನುಮೋದಿಸಿತು.

ಬಿತ್ತನೆ ಬೀಜದ ಪಾಠ

ಪಾದರಸದ ಕಥೆ ಮೀನುಗಾರನದ್ದಷ್ಟೇ ಅಲ್ಲ, ಒಕ್ಕಲಿಗನದ್ದೂ ಹೌದು. ಹಿಂದೆ ಜೋಳ, ಭತ್ತ, ಗೋಧಿಗಳ ಬೀಜೋಪಚಾರಕ್ಕೆ ಅಗ್ರೋಸಾನ್ ಜಿ.ಎನ್., ಸೆರೆಸಾನ್ ಮುಂತಾದ ಪುಡಿಗಳನ್ನು ದೇಶದಾದ್ಯಂತ ಶಿಫಾರಸು ಮಾಡಲಾಗುತ್ತಿತ್ತು. ಇವುಗಳಲ್ಲಿದ್ದ ಶಿಲೀಂಧ್ರನಾಶಕವೇ ಸಾವಯವ ಪಾದರಸ. ಕಾಡಿಗೆ ರೋಗ, ಸಸಿ ಸಾಯುವ ರೋಗಗಳನ್ನು ಅವು ತಡೆದವು ನಿಜ. ಆದರೆ ಅಂತಹ ಬೀಜ ಅಡಿಗೆಮನೆಗೆ ಹೋದರೆ ಏನಾಗುತ್ತದೆಂಬುದನ್ನು ಇರಾಕ್ ದೇಶ ಕಂಡಿತು.

1971 ರಲ್ಲಿ ಬರಗಾಲದಿಂದ ತತ್ತರಿಸಿದ್ದ ಇರಾಕಿಗೆ ಮೀಥೈಲ್ ಪಾದರಸ ಲೇಪಿಸಿದ ಬಿತ್ತನೆ ಗೋಧಿ ಹೊರದೇಶದಿಂದ ಬಂತು. ಎಚ್ಚರಿಕೆಗಾಗಿ ಅದಕ್ಕೆ ಕೆಂಪು ಬಣ್ಣ ಹಾಕಿದ್ದರು. ಚೀಲದ ಮೇಲಿನ ಬರಹ ಅಲ್ಲಿಯ ರೈತರಿಗೆ ತಿಳಿಯದ ಭಾಷೆಗಳಲ್ಲಿತ್ತು. ಬೀಜ ತಲುಪುವ ವೇಳೆಗೆ ಅನೇಕ ಕಡೆ ಬಿತ್ತನೆ ಮುಗಿದಿತ್ತು, ಮನೆಯಲ್ಲಿ ಹಸಿವಿತ್ತು. ಬಣ್ಣ ಹೋಗುವಂತೆ ಗೋಧಿ ತೊಳೆದು, ವಿಷವೂ ಹೋಯಿತೆಂದು ನಂಬಿ ರೊಟ್ಟಿ ಮಾಡಿಕೊಂಡರು. ಕೆಲವರು ಮೊದಲು ಕೋಳಿಗಳಿಗೆ ಹಾಕಿ ನೋಡಿದರು. ಕೋಳಿಗಳಿಗೆ ಕೂಡಲೇ ಏನೂ ಆಗಲಿಲ್ಲ. ಈ ವಿಷದ ಲಕ್ಷಣಗಳು ವಾರಗಟ್ಟಲೆ ತಡವಾಗಿ ಕಾಣಿಸುತ್ತವೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಆ ಚಳಿಗಾಲ ಮತ್ತು 1972 ರ ಮೊದಲ ತಿಂಗಳುಗಳಲ್ಲಿ 6,530 ಜನ ಆಸ್ಪತ್ರೆ ಸೇರಿದರು. ಆಸ್ಪತ್ರೆಗಳಲ್ಲಿಯೇ 459 ಜನ ಸತ್ತರು.

ಭಾರತದಲ್ಲಿ ಪಾದರಸದ ಶಿಲೀಂಧ್ರನಾಶಕಗಳನ್ನು ಹಂತಹಂತವಾಗಿ ನಿಲ್ಲಿಸಲಾಯಿತು. ಕೊನೆಗೆ ಉಳಿದಿದ್ದ ಮಿಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡ್ ಎಂಬುದನ್ನು 2018 ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ನಿಷೇಧಿಸಿತು. ಇಂದು ಬಿತ್ತನೆ ಬೀಜಕ್ಕೆ ಹಚ್ಚುವ ಥೈರಾಮ್, ಕಾರ್ಬೆಂಡೆಜಿಮ್ ಮುಂತಾದವುಗಳಲ್ಲಿ ಪಾದರಸವಿಲ್ಲ. ಆದರೂ ಅವು ವಿಷವೇ. ಬಣ್ಣ ಹಚ್ಚಿದ ಬೀಜ ಎಂದಿಗೂ ಊಟದ ಕಾಳಲ್ಲ ಎಂಬ ಪಾಠ ಬದಲಾಗಿಲ್ಲ.

ದೇಹದ ಮೇಲೆ ಆಗುವ ಪರಿಣಾಮಗಳು

ಹೆಚ್ಚು ಪ್ರಮಾಣದ ಮೀಥೈಲ್ ಪಾದರಸ ಸೇರಿದಾಗ ಮೊದಲು ಬಾಯಿಯ ಸುತ್ತ, ಕೈಬೆರಳು ಮತ್ತು ಕಾಲುಗಳಲ್ಲಿ ಜುಮುಗುಟ್ಟುವಿಕೆ, ಮರಗಟ್ಟುವಿಕೆ ಕಾಣಿಸುತ್ತದೆ. ಆಮೇಲೆ ನಡೆಯುವಾಗ ತೂರಾಡುವುದು, ಗುಂಡಿ ಹಾಕುವಂತಹ ಸಣ್ಣ ಕೆಲಸ ಮಾಡಲಾಗದಿರುವುದು, ಅಕ್ಕಪಕ್ಕದ ದೃಷ್ಟಿ ಕಡಿಮೆಯಾಗುವುದು, ಕಿವಿ ಮಂದವಾಗುವುದು, ಮಾತು ತೊದಲುವುದು ಬರುತ್ತವೆ. ಮಿದುಳಿನ ಕಣಗಳು ಒಮ್ಮೆ ನಾಶವಾದರೆ ಮರಳಿ ಬರುವುದಿಲ್ಲ. ಈ ಲಕ್ಷಣಗಳು ಬೇರೆ ರೋಗಗಳಲ್ಲಿಯೂ ಇರುವುದರಿಂದ ತಾವೇ ನಿರ್ಧರಿಸದೆ ವೈದ್ಯರಿಗೆ ತೋರಿಸಬೇಕು.

ಸಾಧಾರಣವಾಗಿ ಮೀನು ತಿನ್ನುವ ವಯಸ್ಕರಲ್ಲಿ ಇಂತಹ ತೀವ್ರ ಲಕ್ಷಣಗಳು ಕಾಣುವುದಿಲ್ಲ. ನಿಜವಾದ ಎಚ್ಚರಿಕೆ ಬೇಕಾದದ್ದು ಗರ್ಭಿಣಿಯರು, ಬಾಣಂತಿಯರು ಮತ್ತು ಚಿಕ್ಕ ಮಕ್ಕಳ ವಿಷಯದಲ್ಲಿ. ಮೀಥೈಲ್ ಪಾದರಸ ಮಾಸುವನ್ನು ಸುಲಭವಾಗಿ ದಾಟುತ್ತದೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ತಾಯಿಯ ರಕ್ತಕ್ಕಿಂತ ಹೆಚ್ಚು ಪಾದರಸ ಕಂಡುಬರುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಅಲ್ಪ ಪ್ರಮಾಣವೂ ತೊಂದರೆ ಕೊಡಬಹುದು. ಮಗು ನೋಡಲು ಆರೋಗ್ಯವಾಗಿದ್ದರೂ ಮುಂದೆ ಮಾತು, ನೆನಪು, ಗಮನಗಳಲ್ಲಿ ಹಿಂದೆ ಬೀಳಬಹುದು.

ಸಮಾಧಾನದ ಸಂಗತಿಯೂ ಇದೆ. ತಿನ್ನುವುದನ್ನು ನಿಲ್ಲಿಸಿದರೆ ರಕ್ತದಲ್ಲಿರುವ ಮೀಥೈಲ್ ಪಾದರಸ ಸುಮಾರು 50 ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಗರ್ಭ ಧರಿಸುವ ಮೊದಲೇ ಮೀನಿನ ಆಯ್ಕೆ ಸರಿಪಡಿಸಿಕೊಳ್ಳುವುದು ಉತ್ತಮ.

ಎಷ್ಟು ತಿಂದರೆ ಹೆಚ್ಚು? ಒಂದು ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಆಹಾರ ಹಾಗೂ ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿಯು 2003 ರಲ್ಲಿ ಒಂದು ಮಿತಿ ಹೇಳಿದೆ. ದೇಹದ ತೂಕದ ಪ್ರತಿ ಕಿ.ಗ್ರಾಂ.ಗೆ ವಾರಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸವನ್ನು ಮೀರಬಾರದು. (ಒಂದು ಮಿಲಿಗ್ರಾಂ ಎಂದರೆ 1,000 ಮೈಕ್ರೋಗ್ರಾಂ.) 50 ಕಿ.ಗ್ರಾಂ. ತೂಕದ ಹೆಣ್ಣುಮಗಳಿಗೆ ಇದು ವಾರಕ್ಕೆ 80 ಮೈಕ್ರೋಗ್ರಾಂ ಆಗುತ್ತದೆ. ಮೀನಿನಲ್ಲಿರುವ ಪಾದರಸವೆಲ್ಲ ಮೀಥೈಲ್ ರೂಪದ್ದೆಂದೇ ಹಿಡಿದು ಲೆಕ್ಕ ಹಾಕೋಣ.

1. ಮೀನಿನಲ್ಲಿ ಕಿ.ಗ್ರಾಂ.ಗೆ 0.05 ಮಿ.ಗ್ರಾಂ. ಪಾದರಸವಿದ್ದರೆ ವಾರಕ್ಕೆ 1,600 ಗ್ರಾಂ ತಿಂದಾಗ ಈ ಮಿತಿ ಮುಟ್ಟುತ್ತದೆ.
2. ಕಿ.ಗ್ರಾಂ.ಗೆ 0.5 ಮಿ.ಗ್ರಾಂ. ಇದ್ದರೆ 160 ಗ್ರಾಂಗೇ ಮಿತಿ ಮುಟ್ಟುತ್ತದೆ.
3. ಕಿ.ಗ್ರಾಂ.ಗೆ 1 ಮಿ.ಗ್ರಾಂ. ಇದ್ದರೆ ಕೇವಲ 80 ಗ್ರಾಂ, ಅಂದರೆ ಒಂದೇ ತುಂಡು ಸಾಕು.

ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳಲ್ಲಿ ಸಾಮಾನ್ಯ ಮೀನಿಗೆ ಕಿ.ಗ್ರಾಂ.ಗೆ 0.5 ಮಿ.ಗ್ರಾಂ., ಬೇಟೆಗಾರ ಮೀನುಗಳಿಗೆ 1 ಮಿ.ಗ್ರಾಂ. ಗರಿಷ್ಠ ಮಿತಿಯಿದೆ. ಕಾನೂನಿನ ಮಿತಿಯೊಳಗಿನ ದೊಡ್ಡ ಮೀನನ್ನೂ ಗರ್ಭಿಣಿ ದಿನವೂ ತಿನ್ನಬಾರದೇಕೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಯಾವ ಮೀನು ಆರಿಸಬೇಕು?

ನೆನಪಿಡಲು ಒಂದೇ ಸೂತ್ರ ಸಾಕು: ಸಣ್ಣದು, ಎಳೆಯದು, ಸೊಪ್ಪು ಪಾಚಿ ತಿನ್ನುವಂಥದು ಒಳ್ಳೆಯದು, ದೊಡ್ಡದು, ಮುದಿಯದು, ಬೇರೆ ಮೀನನ್ನು ತಿನ್ನುವಂಥದು ಅಪರೂಪಕ್ಕೆ ಮಾತ್ರ.

ಕೆರೆ ಮತ್ತು ಹೊಂಡಗಳಲ್ಲಿ ಸಾಕುವ ಗೆಂಡೆ ಮೀನುಗಳು ಈ ಸೂತ್ರಕ್ಕೆ ಚೆನ್ನಾಗಿ ಹೊಂದುತ್ತವೆ. ಕಾಟ್ಲಾ ನೀರಿನ ಮೇಲ್ಪದರದ ಸೂಕ್ಷ್ಮಜೀವಿಗಳನ್ನೂ, ರೋಹು ನಡುಪದರದ ಸಸ್ಯಾಹಾರವನ್ನೂ, ಮೃಗಾಲ್ ತಳದ ಕೊಳೆತ ಪದಾರ್ಥವನ್ನೂ, ಹುಲ್ಲುಗೆಂಡೆ ಹುಲ್ಲನ್ನೂ ತಿನ್ನುತ್ತವೆ. ಇವು ಆಹಾರ ಸರಪಳಿಯ ಕೆಳಮೆಟ್ಟಿಲಿನವು. ಸಾಕಿದವು ಒಂದು ವರ್ಷದ ಆಸುಪಾಸಿನಲ್ಲಿ ಹಿಡಿಯಲ್ಪಡುವುದರಿಂದ ಅವುಗಳ ಮೈಯಲ್ಲಿ ಪಾದರಸ ಕೂಡಿಕೊಳ್ಳಲು ಕಾಲವೂ ಕಡಿಮೆ. ಸಮುದ್ರದ ಮೀನುಗಳಲ್ಲಿ ಬೂತಾಯಿ (ತಾರ್ಲೆ), ಬಂಗಡೆ, ಸಿಗಡಿಗಳು ಈ ಗುಂಪಿಗೆ ಸೇರುತ್ತವೆ.

ಶಾರ್ಕ್, ಕತ್ತಿಮೀನು, ದೊಡ್ಡ ಟ್ಯೂನಾಗಳನ್ನು ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಚಿಕ್ಕ ಮಕ್ಕಳು ತಿನ್ನಬಾರದು. ಭಾರಿ ಗಾತ್ರದ ಅಂಜಲ್ ಮೀನನ್ನು ಅವರಿಗೆ ಪದೇ ಪದೇ ಕೊಡಬಾರದು. ನದಿ ಮತ್ತು ಜಲಾಶಯಗಳ ಬಾಳೆಮೀನು, ಕೊರವದಂತಹ ಮಾಂಸಾಹಾರಿ ಮೀನುಗಳ ವಿಷಯದಲ್ಲಿಯೂ ತೀರ ದೊಡ್ಡದನ್ನು ಬಿಟ್ಟು ಸಣ್ಣದನ್ನು ಆರಿಸುವುದು ಲೇಸು. ಒಣಗಿಸಿದಾಗ ನೀರು ಮಾತ್ರ ಹೋಗುತ್ತದೆ, ಪಾದರಸ ಉಳಿಯುತ್ತದೆ. ಆದ್ದರಿಂದ ಒಣಮೀನು ಕೊಳ್ಳುವಾಗ ಸಣ್ಣ ಜಾತಿಯದನ್ನೇ ನೋಡಿ ಕೊಳ್ಳಬೇಕು. ಒಣ ಶಾರ್ಕ್ ಬೇಡ.

ಹೊಲ ಮನೆಗಳಲ್ಲಿ ಪಾಲಿಸಬೇಕಾದ ಕ್ರಮಗಳು

1. ಬೇಕಾದಷ್ಟೇ ಬೀಜಕ್ಕೆ ಉಪಚಾರ ಮಾಡಿರಿ. ಉಳಿದ ಬೀಜವನ್ನು ಮನುಷ್ಯರಿಗಾಗಲಿ, ದನ, ಕೋಳಿ, ಮೀನುಗಳಿಗಾಗಲಿ ಹಾಕಬೇಡಿರಿ. ತೊಳೆದರೂ ವಿಷ ಹೋಗುವುದಿಲ್ಲ.

2. ಉಪಚಾರ ಮಾಡಿದ ಡಬ್ಬಿ, ಗೋಣಿಚೀಲಗಳನ್ನು ಕಾಲುವೆ, ಕೆರೆಗಳಲ್ಲಿ ತೊಳೆಯಬೇಡಿರಿ. ಥೈರಾಮ್‌ನಂತಹ ಔಷಧಿಗಳು ಮೀನುಗಳಿಗೆ ಅತಿ ವಿಷ. ಆ ಚೀಲದಲ್ಲಿ ಊಟದ ಕಾಳು ತುಂಬಬೇಡಿರಿ.

3. ಅಟ್ಟದ ಮೇಲೆ ಅಥವಾ ಹಗೇವಿನ ಬದಿಗೆ ಹಳೆಯ ಕಾಲದ ಪಾದರಸದ ಪುಡಿಯ ಡಬ್ಬಿ ಸಿಕ್ಕರೆ ಅದನ್ನು ತೆರೆಯಬೇಡಿರಿ, ಬಳಸಬೇಡಿರಿ, ಹಳ್ಳಕ್ಕೆ ಎಸೆಯಬೇಡಿರಿ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ ಸಲಹೆ ಪಡೆಯಿರಿ.

4. ಪಾದರಸವಿಲ್ಲದೆಯೂ ಬೀಜೋಪಚಾರ ಸಾಧ್ಯ. ಜೋಳದ ಕಾಳು ಕಾಡಿಗೆ ರೋಗಕ್ಕೆ ಪ್ರತಿ ಕಿ.ಗ್ರಾಂ. ಬೀಜಕ್ಕೆ 4 ಗ್ರಾಂ ಗಂಧಕದ ಪುಡಿ, ಕಡಲೆಯ ಸೊರಗು ರೋಗಕ್ಕೆ ಪ್ರತಿ ಕಿ.ಗ್ರಾಂ. ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಉಪಯುಕ್ತ.

5. ಕೆಲವು ಪ್ರಾಂತಗಳಲ್ಲಿ ಕಾಳು ಕೆಡದಂತೆ ಪಾದರಸದ ಗುಳಿಗೆಗಳನ್ನು ಧಾನ್ಯದಲ್ಲಿಡುವ ರೂಢಿಯಿದೆ. ಇದನ್ನು ಅನುಸರಿಸಬೇಡಿರಿ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಬೇವಿನ ಎಲೆ ಹಾಕಿ ಇಡುವುದೇ ಮೇಲು.

6. ಥರ್ಮಾಮೀಟರು ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ಬಾಗಿಲು ತೆರೆಯಿರಿ. ಕಸಬರಿಗೆಯಿಂದ ಗುಡಿಸಬೇಡಿರಿ, ಹನಿಗಳು ಒಡೆದು ಹರಡುತ್ತವೆ. ಕೈಯ ಚಿನ್ನ ತೆಗೆದಿಟ್ಟು, ಕೈಚೀಲ ಹಾಕಿಕೊಂಡು, ಗಟ್ಟಿ ಕಾಗದದಿಂದ ಹನಿಗಳನ್ನು ಕೂಡಿಸಿ, ಸ್ವಲ್ಪ ನೀರಿರುವ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಿರಿ. ಬಚ್ಚಲಿಗೆ ಸುರಿಯಬೇಡಿರಿ. ಸುಟ್ಟುಹೋದ ಟ್ಯೂಬ್‌ಲೈಟುಗಳನ್ನು ಒಡೆದು ತಿಪ್ಪೆಗೆ ಹಾಕಬೇಡಿರಿ, ಅವುಗಳಲ್ಲಿಯೂ ಪಾದರಸವಿದೆ.

ಕೊನೆಯ ಸೂಚನೆ ಗಂಗಾವತಿ ಭಾಗದ ಭತ್ತದ ಬೆಳೆಗಾರರು ವಿಶೇಷವಾಗಿ ಗಮನಿಸಬೇಕಾದದ್ದು. ತಿಪ್ಪೆಗೆ ಹಾಕಿದ್ದು ಗೊಬ್ಬರದೊಂದಿಗೆ ಗದ್ದೆಗೆ ಹೋಗುತ್ತದೆ. ನೀರು ನಿಂತ ಗದ್ದೆಯ ಕೆಸರೂ ಕೆರೆಯ ತಳದ ಕೆಸರಿನಂತೆಯೇ ಗಾಳಿಯಿಲ್ಲದ್ದು. ಅಲ್ಲಿಯೂ ಮೀಥೈಲ್ ಪಾದರಸ ಉಂಟಾಗಬಲ್ಲದು. ಚೀನಾದೇಶದ ಗುಯಿಝೌ ಪ್ರಾಂತದ ಪಾದರಸದ ಗಣಿಗಳ ಸುತ್ತಮುತ್ತ ಮೀನಿಗಿಂತ ಅನ್ನದ ಮೂಲಕವೇ ಹೆಚ್ಚು ಮೀಥೈಲ್ ಪಾದರಸ ಜನರ ದೇಹ ಸೇರುತ್ತದೆಂದು ಸಂಶೋಧನೆಗಳು ತೋರಿಸಿವೆ. ನಮ್ಮ ಭಾಗದಲ್ಲಿ ಅಂತಹ ಗಣಿಗಳಿಲ್ಲ. ಗದ್ದೆಗೆ ಪಾದರಸ ಬೀಳದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿಯೇ ಇದೆ.

ಸಾರಾಂಶ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬಸುರಿ ಸೊಸೆಗೆ ಮೀನು ಕೊಡಬೇಕೇ? ಮೀನು ತಿನ್ನುವ ಮನೆತನವಾದರೆ ಅವಶ್ಯವಾಗಿ ಕೊಡಬೇಕು. ನೂರು ಗ್ರಾಂ ಮೀನಿನಲ್ಲಿ ಸುಮಾರು 18 ರಿಂದ 20 ಗ್ರಾಂ ಉತ್ತಮ ಸಸಾರಜನಕವಿದೆ. ಮೀನಿನ ಎಣ್ಣೆಯ ಅಂಶ ಮಗುವಿನ ಮಿದುಳು ಮತ್ತು ಕಣ್ಣಿನ ಬೆಳವಣಿಗೆಗೆ ಬೇಕಾದದ್ದು. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನೂರು ಗ್ರಾಂನಷ್ಟು, ರೋಹು, ಕಾಟ್ಲಾ, ಮೃಗಾಲ್, ಬೂತಾಯಿ, ಬಂಗಡೆಯಂತಹ ಮೀನನ್ನು ಚೆನ್ನಾಗಿ ಬೇಯಿಸಿ ಕೊಡಿರಿ. ದೊಡ್ಡ ಬೇಟೆಗಾರ ಮೀನು ಎಷ್ಟೇ ರುಚಿಯಿದ್ದರೂ ಅವಳ ತಟ್ಟೆಗೆ ಬೇಡ.

ಮೀನನ್ನು ಆರಿಸುವುದು ಅಡಿಗೆಮನೆಯ ಕೆಲಸವಾದರೆ, ನೀರನ್ನು ಕಾಯುವುದು ಹೊಲದ ಕೆಲಸ. ಇಂದು ಕಾಲುವೆಗೆ ಬಿದ್ದ ವಿಷ ಕೆಸರು, ಪಾಚಿ, ಮೀನುಗಳನ್ನು ದಾಟಿ ಹಲವು ಪಟ್ಟಾಗಿ ನಮ್ಮ ತಟ್ಟೆಗೇ ಮರಳುತ್ತದೆ. ಅದರ ಬೆಲೆಯನ್ನು ತೆರುವುದು ಇನ್ನೂ ಹುಟ್ಟದ ಕೂಸು. ರೈತ ಬಾಂಧವರು ಮತ್ತು ತಾಯಂದಿರು ಇದನ್ನರಿತು ಕೆರೆ, ಕಾಲುವೆಗಳನ್ನು ಶುಚಿಯಾಗಿಟ್ಟರೆ ಮೀನು ನಮ್ಮ ಭಾಗದ ಮಕ್ಕಳಿಗೆ ಎಂದೆಂದಿಗೂ ಒಳ್ಳೆಯ ಆಹಾರವಾಗಿಯೇ ಉಳಿಯುವುದು.